ಜಾನ್ ಮ್ಯೂರ್ ನೆನೆದ ರಾತ್ರಿ

ಒಬ್ಬನೇ ಬೆಟ್ಟ ಹತ್ತಿ, ಜಲಪಾತದ ಬಳಿ ರಾತ್ರಿ ಕಳೆದು, ಇಳಿದು ಬಂದು ಪರವಶನಾಗಿ ಬರೆಯುವ ಪದ್ಧತಿಗೆ ಅಮೆರಿಕದ ನಿಸರ್ಗ ಲೇಖಕ ಜಾನ್ ಮ್ಯೂರ್ ಮೂಲಪುರುಷರಲ್ಲೊಬ್ಬ. ನಮ್ಮ ಚಾರಣ ಬರಹಗಳಲ್ಲೂ ಆ ಧಾಟಿ ಬೇಕಾದಷ್ಟಿದೆ. ಕೊಡಚಾದ್ರಿಗೋ ಬಂಡಾಜೆ ಅರ್ಬಿಗೋ ಹೋದವರು ಹತ್ತಿದ ಏರು, ಕಚ್ಚಿದ ಉಂಬಳ ಎಲ್ಲವನ್ನೂ ನಾಲ್ಕು ಸಾಲಲ್ಲಿ ಮುಗಿಸಿ, ದೇವರನ್ನು ಕಂಡೆ ಎಂಬಲ್ಲಿಗೆ ಓಡುತ್ತಾರೆ. ಮ್ಯೂರನ ಹೆಸರು ಕೇಳದವರೂ ಅವನ ಒಂದು ಕಾಗದದ ವಾರಸುದಾರರೇ.

ಆ ಕಾಗದ 1871ರ ಏಪ್ರಿಲ್ 3ರದು. ಒಂದು ಕಂಬಳಿ, ಒಂದು ತುಂಡು ಬ್ರೆಡ್ಡು ಹಿಡಿದು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಜಲಪಾತದ ಮೇಲಿನ ಧುಮುಕಿನ ಹತ್ತಿರ ಹೋಗಿದ್ದ ಮ್ಯೂರ್, ನಡುರಾತ್ರಿ ಗೆಳತಿ ಜೀನ್ ಕಾರ್‌ಗೆ ಬರೆದದ್ದು. ಪ್ರಾರ್ಥನೆ, ದೀಕ್ಷಾಸ್ನಾನ, ನೀವೂ ಇಲ್ಲಿರಬೇಕಿತ್ತು ಎಂಬ ಹಂಬಲ. ಭಕ್ತರು ಎತ್ತಿ ತೋರಿಸುವುದು ಇದನ್ನೇ. ನನಗೆ ಅದು ಸಾಧಾರಣ ಕಾಗದ. ನೀರಿನಡಿ ಸಿಕ್ಕಿಬಿದ್ದ ಪ್ರಸಂಗ ಅದರಲ್ಲೂ ಇದೆ, ಆದರೆ ಉದ್ಗಾರಗಳ ನಡುವೆ ಕೆಲವೇ ಸಾಲಲ್ಲಿ ಮುಗಿದುಹೋಗುತ್ತದೆ. ಅದೇ ರಾತ್ರಿಯದೆಂದು ಸಾಮಾನ್ಯವಾಗಿ ಒಪ್ಪಿರುವ ಘಟನೆಯನ್ನು ಎಪ್ಪತ್ತು ದಾಟಿದ ಮ್ಯೂರ್ 1912ರ ‘ದಿ ಯೊಸೆಮಿಟಿ’ಯಲ್ಲಿ ಇನ್ನೊಮ್ಮೆ ಬರೆದ. ಹೆಚ್ಚುಕಡಿಮೆ ಒಂದೇ ಪುಟ. ಅವನ ಕೀರ್ತಿ ನಿಲ್ಲಬೇಕಾದದ್ದು ಈ ಪುಟದ ಮೇಲೆ.

ಕಸುಬು ನೋಡಿ. 1430 ಅಡಿಯಿಂದ ಬೀಳುವ ನೀರು. ಅದರ ಹಿಂದೆ ಬಂಡೆಗೋಡೆಗೆ ಅಂಟಿದ ಕಿರಿದಾದ ಹಾಸು. ಗಾಳಿಗೆ ನೀರಿನ ಪರದೆ ಗೋಡೆಯಿಂದ ತುಸು ಆಚೆ ವಾಲಿದೆ. ನೀರಿನ ದಟ್ಟವಾದ ಭಾಗದೊಳಗಿಂದ ಚಂದ್ರನನ್ನು ನೋಡುವ ಆಸೆಗೆ ಮ್ಯೂರ್ ಹಾಸಿನ ಮೇಲೆ ಕಾಲಿಡುತ್ತಾನೆ, ಸಾಲದೆಂದು ಇನ್ನಷ್ಟು ಒಳಕ್ಕೆ ತೆವಳುತ್ತಾನೆ. ಗಾಳಿ ನಿಂತರೆ ಪರದೆ ತನ್ನ ಜಾಗಕ್ಕೆ ಮರಳುತ್ತದೆ ಎಂಬ ಸರಳ ಲೆಕ್ಕ ತನಗೆ ಹೊಳೆಯಲಿಲ್ಲವೆಂದು ಆ ವಾಕ್ಯದಲ್ಲೇ ಹೇಳಿಬಿಡುತ್ತಾನೆ. ಹಾಗಾಗಿ ಅಪಾಯ ಓದುವವನಿಗೆ ಗೊತ್ತು, ಒಳಗಿರುವವನಿಗೆ ಗೊತ್ತಿಲ್ಲ. ಮುಂದಿನ ಸೊಗಸನ್ನೆಲ್ಲ ನಾವು ಉಸಿರು ಬಿಗಿಹಿಡಿದೇ ಓದಬೇಕು.

ಬೀಳುವ ನೀರಿನ ಗೊಂಚಲುಗಳು ಅವನಿಗೆ ಧೂಮಕೇತುಗಳಾಗಿ ಕಾಣುತ್ತವೆ. ಅವುಗಳ ಬಾಲಗಳ ಸಂದಿಯಲ್ಲಿ ಚಂದ್ರ ತನ್ನ ಜಾಗ ಉಳಿಸಿಕೊಳ್ಳಲು ಒದ್ದಾಡುತ್ತಾನೆ. ಚಂದದ ಉಪಮೆ. ರಮ್ಯಕವಿ ಯಾರಾದರೂ ಬರೆದಾರು, ಬರೆದು ಅಲ್ಲಿಗೇ ಬಿಟ್ಟಾರು. ಮ್ಯೂರ್ ಬಿಡುವುದಿಲ್ಲ. ಗಾಳಿ ಸೋಲುತ್ತದೆ, ಅದೇ ಧೂಮಕೇತುಗಳು ಹೆಗಲಿಗೆ ಬಡಿಯುತ್ತವೆ. ಬಡಿದೊಡನೆ ಅವು ಗರಸು, ಆಲಿಕಲ್ಲು, ಆಮೇಲೆ ಬೀದಿಗೆ ಹಾಸುವ ಗುಂಡುಕಲ್ಲು. ಆಕಾಶದಲ್ಲಿದ್ದ ಉಪಮೆಗೆ ತೂಕ ಬಂದು ಮೈಮೇಲೆ ಬಿತ್ತು. ಕಿವಿಗೂ ಹಾಗೆಯೇ: ಮೊದಲು ಮೇಲೆ ಕೆಳಗೆ ಸುತ್ತಲೂ ಕಾಡುಸಂಗೀತ, ಏಟು ಬಿದ್ದ ಮೇಲೆ ಅದೆಲ್ಲ ಸಂಗೀತವಾಗಿ ಕೇಳಿಸಲಿಲ್ಲ ಎಂಬ ಒಣ ಮಾತು. ಅಪ್ಪನ ಹೊಡೆತಕ್ಕೆ ಹೆದರಿ ಹೊಸ ಒಡಂಬಡಿಕೆಯನ್ನು ಪೂರ್ತಿ, ಹಳೆಯದನ್ನು ಬಹುಪಾಲು ಬಾಯಿಪಾಠ ಮಾಡಿದ್ದವನು ಇವನು. ಬೈಬಲಿನಲ್ಲಿ ಜಲರಾಶಿಯ ಘೋಷ ದೇವರ ದನಿ. ಇಲ್ಲಿ ಅದು ಕಿವಿಯ ಸುತ್ತ ಬರೀ ಗದ್ದಲ. ಮಂಡಿಯೂರುತ್ತಾನೆ ನಿಜ, ಬಂಡೆಯ ಮೂಲೆಯೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಕ್ಕೆ.

ಪರದೆ ಮತ್ತೆ ಸರಿದಾಗಲೂ ಎದ್ದು ಓಡುವುದಿಲ್ಲ. ನಡುದಾರಿಯಲ್ಲಿ ಸಿಕ್ಕಿಬಿದ್ದೇನೆಂದು ಕೆಲವೇ ಅಡಿ ಸರಿದು, ಮಂಜುಗಡ್ಡೆಯೊಂದಕ್ಕೂ ಗೋಡೆಗೂ ನಡುವೆ ತೂರಿಕೊಂಡು ಬೋರಲು ಮಲಗುತ್ತಾನೆ. ಬೆಳಕು ಅಲುಗಾಡದೆ ನಿಂತಿತೋ, ನೀರು ದೂರವಿದೆ ಎಂದು ಲೆಕ್ಕ. ಚಂದ ನೋಡಲು ಹೋದವನಿಗೆ ಬೆಳದಿಂಗಳು ಈಗ ಅಳತೆಯ ಸಾಧನ. ಕಾಗದದಲ್ಲೂ ಈ ವಿವರ ಇದೆ, ಆದರೆ ಉದ್ಗಾರಗಳ ನಡುವೆ ಹೂತುಹೋಗಿದೆ.

ಈಗ ಜಗಳಕ್ಕೆ ಬರೋಣ. ಮ್ಯೂರನ ಹೆಸರೆತ್ತಿದರೆ ಸಾಕು, ನಮ್ಮಲ್ಲಿ ಕೆಲವರು ಇತಿಹಾಸಕಾರ ರಾಮಚಂದ್ರ ಗುಹಾ ಅವರ 1989ರ ಪ್ರಬಂಧವನ್ನು ಮುಂದಿಟ್ಟು ಪುಸ್ತಕ ಮುಚ್ಚುತ್ತಾರೆ. ಅಮೆರಿಕದ ನಿರ್ಜನ ಕಾಡಿನ ಆರಾಧನೆಯನ್ನು ಇಲ್ಲಿಗೆ ತಂದರೆ ಹೊಡೆತ ಬೀಳುವುದು ಕಾಡಿನಲ್ಲೇ ಬದುಕುವ ಬಡವರಿಗೆ ಎಂಬ ಅವರ ವಾದ ಸರಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸುತ್ತಲಿನವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ, ಮ್ಯೂರ್ ಸ್ಥಾಪಕರಲ್ಲೊಬ್ಬನಾಗಿದ್ದ ಪರಿಸರ ಸಂಘಟನೆ ಸಿಯೆರಾ ಕ್ಲಬ್ ಕೂಡ ಕರಿಯರ, ಮೂಲನಿವಾಸಿಗಳ ಬಗ್ಗೆ ಅವನಾಡಿದ ಹೀನ ಮಾತುಗಳನ್ನು ಒಪ್ಪಿಕೊಂಡಿತು. ಒಳ್ಳೆಯದೇ ಆಯಿತು. ಆದರೆ ನೀತಿಯ ಮೇಲಿನ ಆಕ್ಷೇಪಣೆ ಪುಟ ಓದದಿರಲು ರಹದಾರಿ ಆಗಬಾರದು. ಓದಿದ್ದರೆ ಈ ವಿಮರ್ಶಕರಿಗೆ ತಮ್ಮ ಪರವಾದ ಬಲವಾದ ಸಾಕ್ಷಿಯೇ ಸಿಗುತ್ತಿತ್ತು.

ಅದು ಹೀಗೆ. ಕತ್ತಲೆ ಕವಿದ ಕ್ಷಣಕ್ಕೆ ಮ್ಯೂರ್ ನೆನೆಯುವುದು ತನ್ನ ಸ್ಕಾಟ್ಲೆಂಡಿನ ಕವಿ ಬರ್ನ್ಸ್‌ನನ್ನು, ಪಾಳು ಇಗರ್ಜಿಯಲ್ಲಿ ಮಾಟಗಾತಿಯರು ಕುಣಿಯುವ ಅವನ ಪ್ರಸಿದ್ಧ ಪದ್ಯವನ್ನು. ಆದರೆ ಮಾಟಗಾತಿಯರು ಆ ನೀರಿನಲ್ಲೇ ಇದ್ದರು. ಕಣಿವೆಯ ಮೂಲನಿವಾಸಿಗಳಾದ ಅಹ್ವಾನೀಚಿ ಜನ ಈ ಜಲಪಾತವನ್ನು ಚೊಲಾಕ್ ಎನ್ನುತ್ತಿದ್ದರು. ಅದರ ಮಡುವಿನಲ್ಲಿ ಪೊಲೋಟಿ ಎಂಬ ಮಾಟಗಾತಿಯರ ವಾಸವೆಂದು ಅವರ ಕತೆ. ನೀರಿಗೆ ಹೋದ ಹೆಂಗಸಿಗೆ ನೀರಿನ ಬದಲು ಹಾವುಗಳು ಬರುತ್ತವೆ. ಆ ರಾತ್ರಿ ಬಿರುಗಾಳಿ ಎದ್ದು ಅವಳನ್ನೂ ಹಸುಗೂಸನ್ನೂ ಮನೆಸಮೇತ ಮಡುವಿಗೆ ಸೆಳೆಯುತ್ತದೆ. ಗಾಳಿಯನ್ನು ನಂಬಬೇಡ ಎಂದು ಈ ಜಾಗದ ಬಗ್ಗೆಯೇ ಹೇಳಿಟ್ಟ ಕತೆ! ಅದನ್ನು ಹೇಳುತ್ತಿದ್ದವರನ್ನು ಮಾರಿಪೋಸಾ ಬೆಟಾಲಿಯನ್ ಎಂಬ ಬಿಳಿಯರ ಪಡೆ 1851ರಲ್ಲಿ, ಮ್ಯೂರ್ ಅಲ್ಲಿ ಒದ್ದೆಯಾಗುವುದಕ್ಕೆ ಇಪ್ಪತ್ತು ವರ್ಷ ಮೊದಲು, ಕಣಿವೆಯಿಂದ ಅಟ್ಟಿತ್ತು. ಇವನ ಒಂಟಿತನ ಹಾಗೆ ದಕ್ಕಿದ್ದು.

ಇನ್ನೊಂದು ದೋಷ ಶುದ್ಧ ಬರವಣಿಗೆಯದು: ಕೊನೆಯ ವಾಕ್ಯ. ನಡುಗುತ್ತ ಬೆಂಕಿ ಹೊತ್ತಿಸಿ ಮೈ ಕಾಯಿಸಿದ, ಬೆಳಗಾಗುವ ಮೊದಲೇ ಗುಡಿಸಲಿಗೆ ಓಡಿದ, ಗಂಟೆ ಎರಡು ಗಂಟೆ ನಿದ್ದೆ ಮಾಡಿ ಎದ್ದರೆ ಮೊದಲಿಗಿಂತ ಗಟ್ಟಿಮುಟ್ಟು. ಪುಟದುದ್ದಕ್ಕೂ ನೀರಿಗೆ ಕೊಟ್ಟ ಭಾರವನ್ನು ಟಾನಿಕ್ ಜಾಹೀರಾತಿನಂಥ ಈ ಮಾತು ವಾಪಸು ಕಸಿದುಕೊಳ್ಳುತ್ತದೆ. ಕಾಗದದ ಮ್ಯೂರ್ ಇಲ್ಲಿ ಮತ್ತೆ ತಲೆಹಾಕಿದ್ದಾನೆ. ಕನ್ನಡದ ಸಂಕಲನಕ್ಕೆ ಯಾರಾದರೂ ಈ ಪುಟವನ್ನು ತರುವುದಾದರೆ ಬೆಂಕಿ ಹೊತ್ತಿಸುವಲ್ಲಿಗೆ ನಿಲ್ಲಿಸಲಿ ಎಂದು ನನ್ನ ಸಲಹೆ. ಶುದ್ಧಪಾಠದವರು ಒಪ್ಪಲಾರರು.