ಕನ್ನಡಿಯ ಮುಂದಿನ ಮೂವರು

ಕ್ರಾಂತಿಯ ಪಾಠಕ್ಕೆ ಯುದ್ಧದ ಸಿನಿಮಾ ತೋರಿಸುವುದು ಒಳ್ಳೆಯದೇ. ಪಠ್ಯಪುಸ್ತಕದ ಒಣ ಇಸವಿಗಳಿಗೆ ಅಲ್ಲಿ ಮುಖ ಮೂಡುತ್ತದೆ. ಸಿನಿಮಾ ಮುಗಿದೊಡನೆ ದೀಪ ಹಾಕಿ, 'ನೋಡಿದಿರಲ್ಲ, ಹೀಗಾಯಿತು' ಎಂದು ಎದ್ದು ಹೋಗುವ ಮೇಷ್ಟ್ರ ಬಗ್ಗೆ ಮಾತ್ರ ನನ್ನ ತಕರಾರು.

ಇಟಲಿಯ ಜಿಲ್ಲೊ ಪೊಂಟೆಕೋರ್ವೊ 1966ರಲ್ಲಿ ತೆಗೆದ 'ದ ಬ್ಯಾಟಲ್ ಆಫ್ ಆಲ್ಜಿಯರ್ಸ್' ಚಿತ್ರವನ್ನೇ ನೋಡಿ. ಫ್ರೆಂಚರ ಆಳ್ವಿಕೆಯ ವಿರುದ್ಧ ಅಲ್ಜೀರಿಯಾದ ಜನ ನಡೆಸಿದ ಹೋರಾಟದ ಕಥೆ. ಸುದ್ದಿಚಿತ್ರದ ಒಂದು ತುಣುಕನ್ನೂ ಬಳಸದಿದ್ದರೂ ಎಲ್ಲವೂ ಅಂದೇ, ಅಲ್ಲೇ ಸೆರೆಹಿಡಿದಂತಿದೆ. ಹೋರಾಟದ ನಾಯಕರಲ್ಲೊಬ್ಬನಾದ ಸಾದಿ ಯಾಸೆಫ್ ತನ್ನನ್ನೇ ಹೋಲುವ ಪಾತ್ರ ಮಾಡಿದ್ದಾನೆ. ನಿರ್ಮಾಣದಲ್ಲೂ ಅವನ ಕೈಯಿದೆ. ಗೆದ್ದವರು ಹೇಳಿದ ಕಥೆ ಇದು ಎಂಬುದನ್ನು ಹುಡುಗರಿಗೆ ಮೊದಲೇ ತಿಳಿಸಬೇಡವೇ?

ನನ್ನ ಮನಸ್ಸು ನಿಲ್ಲುವುದು ಕನ್ನಡಿಯ ದೃಶ್ಯದಲ್ಲಿ. ಮೂವರು ಹೆಂಗಸರು ಮುಸುಕು ತೆಗೆದು, ಕೂದಲು ಕತ್ತರಿಸಿಕೊಂಡು, ಫ್ರೆಂಚ್ ಹೆಣ್ಣುಮಕ್ಕಳಂತೆ ಸಿಂಗರಿಸಿಕೊಳ್ಳುತ್ತಾರೆ. ಹಿನ್ನೆಲೆಯಲ್ಲಿ ವಾದ್ಯದ ಬಡಿತ. ಆಮೇಲೆ ಬುಟ್ಟಿ, ಚೀಲಗಳಲ್ಲಿ ಬಾಂಬು ಹೊತ್ತು ಕಾವಲು ದಾಟುತ್ತಾರೆ. ಇಟ್ಟು ಬರುವ ಮುನ್ನ ಕ್ಯಾಮೆರಾ ಐಸ್‌ಕ್ರೀಮ್ ತಿನ್ನುವ ಮಗುವಿನ ಮುಖವನ್ನೂ ತೋರಿಸುತ್ತದೆ. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. 1956ರ ಸೆಪ್ಟೆಂಬರ್ 30ರಂದು ನಿಜಕ್ಕೂ ನಡೆದ ಸಂಗತಿ ಇದು.

ಆದರೆ ಈ ಹೆಂಗಸರು ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ಎಲ್ಲಿಡಬೇಕು, ಎಷ್ಟು ಹೊತ್ತಿಗೆ ಎಂದು ಹೇಳುವವನು ಗಂಡಸು. ಅವರಿಗೆ ಏನನ್ನಿಸಿತು, ಅವರು ಯಾವ ನಾಳೆಯನ್ನು ಬಯಸಿದ್ದರು ಎಂದು ಚಿತ್ರ ಕೇಳುವುದಿಲ್ಲ. ತರಗತಿಯಲ್ಲಿ ಸಿನಿಮಾ ನಿಲ್ಲಿಸಬೇಕಾದದ್ದು ಇಲ್ಲಿಯೇ. ಹುಡುಗಿಯರನ್ನು ಕೇಳಿ ನೋಡಲಿ: ಕನ್ನಡಿಯ ಮುಂದೆ ಇವರು ಏನು ಮಾತಾಡಿಕೊಂಡಿದ್ದಾರು? ಹುಡುಗರನ್ನೂ ಕೇಳಲಿ, ಅವರೂ ಸ್ವಲ್ಪ ಯೋಚಿಸಲಿ.

ಚಿತ್ರದ ಕೊನೆಯಲ್ಲಿ ಪೊಲೀಸರೆದುರು ಬಾವುಟ ಹಿಡಿದು ಕುಣಿಯುವವಳೂ ಹೆಣ್ಣೇ. 1962ರಲ್ಲಿ ಸ್ವಾತಂತ್ರ್ಯ ಬಂತು. 1984ರಲ್ಲಿ ಅದೇ ದೇಶ ಕುಟುಂಬ ಕಾನೂನು ತಂದು, ಹೆಂಡತಿ ಗಂಡನ ಮಾತು ಕೇಳಬೇಕು, ಮದುವೆಗೆ ಅವಳ ಪರವಾಗಿ ಗಂಡಸೊಬ್ಬ ಪೋಷಕನಾಗಿ ನಿಲ್ಲಬೇಕು ಎಂದು ಬರೆಯಿತು. ಹಿಂದೆ ಮರಣದಂಡನೆಗೆ ಗುರಿಯಾಗಿ ಪಾರಾಗಿದ್ದ ಜಮೀಲಾ ಬೂಹಿರೆದ್‌ರಂಥ ಹೋರಾಟಗಾರ್ತಿಯರೇ ಈ ಕಾನೂನನ್ನು ವಿರೋಧಿಸಿ ಬೀದಿಗಿಳಿದಿದ್ದರು. ಹೆಂಡತಿಯ ವಿಧೇಯತೆಯ ಮಾತು ಕಾನೂನಿನಿಂದ ಹೋದದ್ದು 2005ರಲ್ಲಿ. ಬಾವುಟದ ದೃಶ್ಯ ಮುಗಿದ ಮೇಲೆ ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆಯಲು ಮೇಷ್ಟ್ರಿಗೆ ಐದು ನಿಮಿಷ ಸಾಕು.