ಮುದ್ದೆ ಗೆದ್ದಿತು, ಕಾಳು ಎಲ್ಲಿ?

ಸಿರಿಧಾನ್ಯದ ಭಕ್ತರೊಬ್ಬರು ‘ರಾಗಿಯೊಂದಿದ್ದರೆ ಸಾಕು, ಅದರಲ್ಲಿ ಎಲ್ಲವೂ ಇದೆ’ ಎಂದು ಕಾಗದ ಬರೆದಿದ್ದಾರೆ. ಎಲ್ಲವೂ ಇಲ್ಲ ಸ್ವಾಮಿ. ಕ್ಯಾಲ್ಸಿಯಂ ಧಾರಾಳ, ಒಪ್ಪಿದೆ; ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಸಾಲದೆ ಬರುವುದು ಪ್ರೋಟೀನಿನ ಅಂಗವಾದ ಲೈಸೀನ್.

ಮೂಳೆ, ಚರ್ಮಗಳ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು ಇದೇ ಅಮೈನೊ ಆಮ್ಲ. ಕೊಬ್ಬನ್ನು ಉರಿಸಲು ಬೇಕಾದ ಕಾರ್ನಿಟಿನ್ ತಯಾರಾಗುವುದೂ ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 30 ಮಿಲಿಗ್ರಾಂ ಬೇಕು. ಅರವತ್ತು ಕಿಲೋದವರಿಗೆ 1,800. ನೂರು ಗ್ರಾಂ ರಾಗಿಹಿಟ್ಟು ಕೊಡುವುದು ಸುಮಾರು 200. ಅಷ್ಟೇ ತೂಕದ ಹುರುಳಿಕಾಳು ಒಂದೂವರೆ ಗ್ರಾಂನಷ್ಟು ಕೊಡುತ್ತದೆ.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಭತ್ತ ಕಳೆಗುಂದಿತು, ರಾಗಿ ಗಟ್ಟಿಯಾಗಿ ನಿಂತು ಗೆದ್ದಿತು. ಕೆಡದೆ ಉಳಿಯುವ ಗುಣಕ್ಕೆ ಆ ತೀರ್ಪು ಸರಿಯೇ. ಲೈಸೀನಿಗಾಗಿ ವ್ಯಾಜ್ಯ ಹೂಡಿದ್ದರೆ ಮಾತ್ರ ಎರಡೂ ಸೋಲುತ್ತಿದ್ದವು. ಪ್ರೋಟೀನಿನ ಗುಣ ನೋಡಿದರೆ ಅಕ್ಕಿಯೇ ತುಸು ಮೇಲು. ರಾಗಿ ಪಕ್ಷದವರು ಕೋಪಿಸಿಕೊಳ್ಳಬಾರದು, ನಾನೂ ಆ ಪಕ್ಷದವನೇ. ಕಾಳಿನಲ್ಲಿ ಕಡಿಮೆಯಿರುವ ಇನ್ನೊಂದು ಅಮೈನೊ ಆಮ್ಲ ಮೆಥಿಯೋನಿನ್ ರಾಗಿಯಲ್ಲಿ ಚೆನ್ನಾಗಿಯೇ ಇದೆ. ಮುದ್ದೆಗೆ ಹುರುಳಿ ಸಾರು, ಅವರೆಕಾಳು ಸಾರು ಜೊತೆಯಾಗುವುದು ನಾಲಗೆಗಷ್ಟೇ ಅಲ್ಲ, ಮೈಗೂ ಹಿತ. ರಾಗಿ, ಕಾಳು ಎರಡೂ ಒಂದೇ ತಟ್ಟೆಯಲ್ಲಿ ಇರಲೇಬೇಕೆಂಬ ಹಟ ಬೇಡ. 1971ರಲ್ಲಿ ‘ಡಯಟ್ ಫಾರ್ ಎ ಸ್ಮಾಲ್ ಪ್ಲಾನೆಟ್’ ಬರೆದು ಆ ನಿಯಮವನ್ನು ಜನಪ್ರಿಯಗೊಳಿಸಿದ ಫ್ರಾನ್ಸಿಸ್ ಮೂರ್ ಲ್ಯಾಪೇ ಅವರೇ ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಅದನ್ನು ಸಡಿಲಿಸಿದರು.

ನನ್ನ ತಕರಾರಿರುವುದು ರಾಗಿ ಕುಕ್ಕಿಯ ಮೇಲೆ. ಓವನ್ನಿನ ಕಾವಿಗೆ ಲೈಸೀನ್ ಸಕ್ಕರೆಯ ಜೊತೆ ಕೂಡಿಕೊಳ್ಳುತ್ತದೆ. ಬಿಸ್ಕತ್ತಿಗೆ ಕಂದುಬಣ್ಣ, ಘಮ ಬರುವುದು ಬಹುಮಟ್ಟಿಗೆ ಇದರಿಂದ. ಹೀಗೆ ಸಿಕ್ಕಿಬಿದ್ದ ಲೈಸೀನ್ ದೇಹಕ್ಕೆ ದಕ್ಕುವುದಿಲ್ಲ. ಮೊದಲೇ ಕೊರತೆ, ಅದರಲ್ಲೂ ಸೋರಿಕೆ! ‘ಆರೋಗ್ಯಕರ’ ಎಂಬ ಚೀಟಿ ಬೇರೆ.

ಇನ್ನೊಂದು ಪಾಪ ನಡೆಯುವುದು ನಮ್ಮ ಮುದ್ದೆ ಹೋಟೆಲುಗಳಲ್ಲೇ. ಬಸ್ಸಾರಿನ ಕಟ್ಟು ಎಷ್ಟೇ ರುಚಿಯಾಗಿರಲಿ, ಪ್ರೋಟೀನ್ ಬಹುಪಾಲು ಉಳಿಯುವುದು ಬಸಿದಿಟ್ಟ ಕಾಳಿನಲ್ಲಿ. ಅದರ ಪಲ್ಯವನ್ನು ತಟ್ಟೆಯಂಚಿಗೆ ಚಮಚದಷ್ಟು ಹಾಕಿ ಸಾರನ್ನು ಮಾತ್ರ ಮತ್ತೆ ಮತ್ತೆ ಸುರಿಯುತ್ತಾರೆ. ಮುದ್ದೆಯ ಗಾತ್ರ ನೋಡಿ ಮೆಚ್ಚುವ ಗಿರಾಕಿಗಳೇ, ಎರಡನೇ ಸಲ ಸಾರಿನ ಬದಲು ಪಲ್ಯ ಕೇಳಿ.