ದ್ರವ ಮೊಸಾಯಿಕ್: ವಾದವೂ ಚಿತ್ರವೂ

ಕೆಲವು ವಿಜ್ಞಾನ ಪ್ರಬಂಧಗಳಿಗೆ ಓದಿದವರಿಗಿಂತ ನೋಡಿದವರೇ ಅಧಿಕ. 1972ರ ಫೆಬ್ರವರಿ 18ರ ‘ಸೈನ್ಸ್’ ಪತ್ರಿಕೆಯಲ್ಲಿ ಜೊನಾಥನ್ ಸಿಂಗರ್ ಮತ್ತು ಗಾರ್ತ್ ನಿಕಲ್ಸನ್ ಎಂಬ ಕ್ಯಾಲಿಫೋರ್ನಿಯದ ವಿದ್ವಾಂಸರಿಬ್ಬರು ಪ್ರಕಟಿಸಿ, ಜೀವಕೋಶದ ಪೊರೆಗೆ ‘ದ್ರವ ಮೊಸಾಯಿಕ್’ ಎಂಬ ಮಾದರಿಯನ್ನು ನಿರೂಪಿಸಿದ ಲೇಖನವು ಈ ಬಗೆಯದು. ಎರಡು ಸಾಲಾಗಿ ನಿಂತ ಲಿಪಿಡ್ ಅಣುಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹುದುಗಿದ ಪ್ರೋಟೀನಿನ ಗಡ್ಡೆಗಳು. ಈ ಚಿತ್ರವು ಪುಸ್ತಕದಿಂದ ಪುಸ್ತಕಕ್ಕೆ ಇಳಿಯುತ್ತ ಬಂದು ನಮ್ಮ ಪಿ.ಯು.ಸಿ. ವಿದ್ಯಾರ್ಥಿಯ ಪೆನ್ಸಿಲ್ಲಿನ ತುದಿಯನ್ನೂ ಮುಟ್ಟಿದೆ. ಚಿತ್ರವನ್ನು ಹೊತ್ತು ನಿಂತ ವಾದವಾದರೋ ಮೂಲ ಲೇಖನದಲ್ಲಿಯೇ ಉಳಿದುಹೋಯಿತು. ನನ್ನ ಎಣಿಕೆಯಲ್ಲಿ ಆ ಕೃತಿಯ ಶ್ರೇಷ್ಠತೆಯೆಲ್ಲ ಇರುವುದು ವಾದದಲ್ಲಿ. ಚಿತ್ರವು ಅದರ ದುರ್ಬಲ ಭಾಗ.

ಇದಕ್ಕೆ ಹಿಂದಿನ ಕಥೆ ಸ್ವಾರಸ್ಯಕರವಾದುದು. 1925ರಲ್ಲಿ ಲೈಡನ್ನಿನ ಗಾರ್ಟರ್ ಮತ್ತು ಗ್ರೆಂಡೆಲ್ ಇಬ್ಬರೂ ಕೆಂಪು ರಕ್ತಕಣಗಳಿಂದ ಅಸಿಟೋನಿನ ಮೂಲಕ ಲಿಪಿಡ್ಡನ್ನು ಬೇರ್ಪಡಿಸಿ, ನೀರಿನ ಮೇಲೆ ಒಂದೇ ಅಣುವಿನ ದಪ್ಪದಲ್ಲಿ ಹರಡಿ ಅಳೆದು, ಅದರ ವಿಸ್ತಾರವು ಕಣಗಳ ಮೇಲ್ಮೈಯ ಎರಡರಷ್ಟಿರುವುದನ್ನು ಕಂಡು, ಪೊರೆಯು ಇಪ್ಪದರವೆಂದು ನಿರ್ಣಯಿಸಿದರು. ಅಸಿಟೋನು ಲಿಪಿಡ್ಡನ್ನು ಪೂರ್ತಿಯಾಗಿ ಎಳೆದು ತಂದಿರಲಿಲ್ಲ. ಕಣದ ಮೇಲ್ಮೈಯನ್ನೂ ಅವರು ಕಡಿಮೆಯಾಗಿಯೇ ಎಣಿಸಿದ್ದರು. ಎರಡು ತಪ್ಪುಗಳೂ ಒಂದನ್ನೊಂದು ಸರಿದೂಗಿಸಿದ್ದರಿಂದ ಸತ್ಯವು ಕೈಗೆ ಸಿಕ್ಕಿತು! 1935ರಲ್ಲಿ ಡೇನಿಯಲಿ ಮತ್ತು ಡಾವ್ಸನ್ ಈ ಲಿಪಿಡ್ಡಿನ ಎರಡೂ ಮೈಗೆ ಪ್ರೋಟೀನಿನ ಲೇಪವನ್ನು ಕೊಟ್ಟರು. 1950ರ ದಶಕದ ಕೊನೆಗೆ ರಾಬರ್ಟ್‌ಸನ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎರಡು ಕಪ್ಪು ಗೆರೆಗಳ ನಡುವೆ ಒಂದು ಬಿಳಿಯ ಪಟ್ಟಿಯನ್ನು ಕಂಡು, ಪೊರೆಗಳೆಲ್ಲಕ್ಕೂ ಇದೊಂದೇ ವಿನ್ಯಾಸವೆಂದು ಸಾರಿದರು.

ಸಿಂಗರ್ ಮತ್ತು ನಿಕಲ್ಸನ್ ಈ ಲೇಪದ ಕಲ್ಪನೆಯನ್ನು ಕೆಡವಿದ ಬಗೆಯನ್ನು ನಿಧಾನವಾಗಿ ನೋಡಬೇಕು. ಅವರು ಸೂಕ್ಷ್ಮದರ್ಶಕದ ಗೆರೆಗಳೊಡನೆ ಜಗಳಕ್ಕೆ ನಿಲ್ಲದೆ, ಉಷ್ಣಗತಿವಿಜ್ಞಾನದ ಕಡೆಗೆ ತಿರುಗಿ, ಇಂಥ ರಚನೆಗೆ ತಗಲುವ ಶಕ್ತಿಯ ವೆಚ್ಚವೆಷ್ಟು ಎಂದು ಕೇಳಿದರು. ಒಂದು ಮೋಲ್ ಮೀಥೇನನ್ನು ಎಣ್ಣೆಯಂಥ ಪರಿಸರದಿಂದ ನೀರಿಗೆ ತರಲು 2.6 ಕಿಲೋಕ್ಯಾಲರಿಯಷ್ಟು ಮುಕ್ತಶಕ್ತಿ ಬೇಕು. ಧನ ಋಣ ಎರಡು ವಿದ್ಯುದಾವೇಶಗಳನ್ನೂ ಹೊತ್ತ ಗ್ಲೈಸಿನನ್ನು ನೀರಿನಿಂದ ಅಸಿಟೋನಿಗೆ ಒಯ್ಯಲು ಸುಮಾರು 6 ಕಿಲೋಕ್ಯಾಲರಿ. ಪ್ರೋಟೀನು ಮೇಲ್ಮೈಯಲ್ಲಿ ಹಾಸಿಕೊಂಡಿದ್ದರೆ, ನೀರನ್ನು ಒಲ್ಲದ ಅದರ ಅಂಗಗಳು ನೀರಿಗೆ ತೆರೆದುಕೊಳ್ಳಬೇಕಾಗುತ್ತದೆ, ನೀರನ್ನು ಬಯಸುವ ಲಿಪಿಡ್ಡಿನ ತಲೆಗಳು ಅದೇ ಹಾಸಿನ ಕೆಳಗೆ ನೀರಿನಿಂದ ಮರೆಯಾಗಬೇಕಾಗುತ್ತದೆ, ಇಮ್ಮಡಿ ನಷ್ಟ. ಅದರ ಬದಲು ಪ್ರೋಟೀನು ತನ್ನ ಆವೇಶಯುಕ್ತ ಭಾಗವನ್ನು ಹೊರಕ್ಕೆ ಚಾಚಿ, ಉಳಿದ ಒಡಲನ್ನು ಲಿಪಿಡ್ಡಿನ ನಡುವೆ ಮುಳುಗಿಸಿಕೊಂಡು ಗುಂಡಗೆ ನಿಂತರೆ ಎರಡು ನಷ್ಟವೂ ತಪ್ಪುವುದು. ಪೊರೆಯನ್ನು ಭೇದಿಸಿ ನಿಂತ ಒಂದು ಪ್ರೋಟೀನಿನ ರೂಪವನ್ನಾದರೂ ಆಗ ಯಾರೂ ಅಣುಮಟ್ಟದಲ್ಲಿ ಕಂಡಿರಲಿಲ್ಲವೆಂಬುದನ್ನು ನೆನೆದರೆ ಈ ತರ್ಕದ ಧೈರ್ಯವು ಅರ್ಥವಾದೀತು. ಮೂರು ವರ್ಷಗಳ ಅನಂತರ, 1975ರಲ್ಲಿ, ಹೆಂಡರ್ಸನ್ ಮತ್ತು ಅನ್ವಿನ್ ಇಬ್ಬರೂ ಬ್ಯಾಕ್ಟೀರಿಯೋರೊಡಾಪ್ಸಿನ್ ಎಂಬ ಪ್ರೋಟೀನಿನ ಏಳು ಸುರುಳಿಗಳು ಪೊರೆಯನ್ನು ಅಡ್ಡಹಾಯ್ದು ನಿಂತಿರುವುದನ್ನು ತೋರಿಸಿದರು.

ದ್ರವತ್ವದ ಆಧಾರವು ಸಿಂಗರ್ ಮತ್ತು ನಿಕಲ್ಸನ್ ಅವರ ಸ್ವಂತದ್ದಲ್ಲ. ಅದು 1970ರಲ್ಲಿ ಫ್ರೈ ಮತ್ತು ಎಡಿಡಿನ್ ನಡೆಸಿದ ಸೊಗಸಾದ ಪ್ರಯೋಗ. ಇಲಿಯ ಜೀವಕೋಶವನ್ನೂ ಮನುಷ್ಯನ ಜೀವಕೋಶವನ್ನೂ ವೈರಸ್ಸೊಂದರ ನೆರವಿನಿಂದ ಬೆಸೆದು, ಎರಡು ಮೈಗಳ ಪ್ರೋಟೀನುಗಳಿಗೂ ಬೇರೆ ಬೇರೆ ಬಣ್ಣದ ಗುರುತನ್ನಿಟ್ಟು ನೋಡಲಾಗಿ, 37 ಡಿಗ್ರಿ ಉಷ್ಣತೆಯಲ್ಲಿ ನಲವತ್ತು ನಿಮಿಷಗಳೊಳಗೆ ಬಣ್ಣಗಳು ಬೆರೆತುಹೋದವು, ತಂಪಿನಲ್ಲಿ ಬೆರೆಯಲಿಲ್ಲ.

ಇನ್ನು ಚಿತ್ರದ ದೋಷ. ಲಿಪಿಡ್ಡಿನ ವಿಶಾಲ ಸಾಗರದಲ್ಲಿ ಪ್ರೋಟೀನು ಏಕಾಂತವಾಗಿ ತೇಲುತ್ತಿರುವಂತೆ ಅದು ತೋರಿಸುತ್ತದೆ. ನಿಜವಾದ ಪೊರೆಯ ಒಳಗು ನಮ್ಮ ರಥಬೀದಿಯ ತೇರಿನ ದಿನದಂತೆ, ಒಂದು ಹೆಜ್ಜೆ ಇಡಬೇಕಾದರೆ ಹತ್ತು ಭುಜಗಳಿಗೆ ತಗುಲಬೇಕಾದಂಥದು. ನರತಂತುವಿನ ಮಯಲಿನ್ ಹೊದಿಕೆಯಲ್ಲಿ ಪ್ರೋಟೀನು ತೂಕದ ಐದನೆಯ ಒಂದು ಭಾಗದಷ್ಟಿದ್ದರೆ, ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಮುಕ್ಕಾಲು ಭಾಗದಷ್ಟು. ಚಿತ್ರದಲ್ಲಿ ಲಿಪಿಡ್ಡುಗಳೆಲ್ಲ ಒಂದೇ ಅಚ್ಚಿನವು. ಆದರೆ ಕೆಂಪು ರಕ್ತಕಣದ ಪೊರೆಯ ಹೊರಪದರದಲ್ಲಿ ಕೋಲಿನ್ ಉಳ್ಳ ಲಿಪಿಡ್ಡುಗಳೂ ಒಳಪದರದಲ್ಲಿ ಫಾಸ್ಫಟಿಡೈಲ್‌ಸೆರೀನೂ ನೆಲೆಸಿರುವುದು, ಕೊಲೆಸ್ಟೆರಾಲು ಪದರದ ಬಿಗುವನ್ನು ಹದಗೊಳಿಸುವುದು, ಇವು ಅದರಲ್ಲಿ ಕಾಣವು. ಕೊಲೆಸ್ಟೆರಾಲು ಮತ್ತು ಸ್ಫಿಂಗೊಲಿಪಿಡ್ಡುಗಳು ಕೂಡಿ ಕಟ್ಟುವ ತೆಪ್ಪಗಳ ಕಲ್ಪನೆಯನ್ನು ಸೈಮನ್ಸ್ ಮತ್ತು ಇಕೊನೆನ್ 1997ರಲ್ಲಿ ಮಂಡಿಸಿದರು. ಆ ತೆಪ್ಪಗಳ ಗಾತ್ರ, ಆಯುಷ್ಯಗಳ ಕುರಿತ ವಿವಾದವು ದೀರ್ಘವಾಗಿ ನಡೆಯಿತು. ಜೀವಕೋಶದ ಒಳಗಿನ ತಂತುಜಾಲವು ಬೇಲಿಯಾಗಿ ನಿಂತು ಪ್ರೋಟೀನಿನ ಸಂಚಾರವನ್ನು ತಡೆಯುವುದನ್ನು ಜಪಾನಿನ ಕುಸುಮಿಯವರ ತಂಡವು ಶೀಘ್ರಗತಿಯ ಕ್ಯಾಮರಾದಿಂದ ತೋರಿಸಿತು. ಪೊರೆಯಲ್ಲಿ ದ್ರವಕ್ಕಿಂತ ಮೊಸಾಯಿಕ್ಕಿನ ಅಂಶವೇ ಹೆಚ್ಚೆಂದು 2005ರಲ್ಲಿ ಎಂಗಲ್ಮನ್ ಬರೆದುದು ಇಂಥ ಪುರಾವೆಗಳ ಬಲದಿಂದಲೇ.

ಈ ಆಕ್ಷೇಪಗಳಲ್ಲಿ ಬಹುಪಾಲು ಚಿತ್ರಕ್ಕೆ ತಗಲುವಷ್ಟು ಬರೆಹಕ್ಕೆ ತಗಲವು. ದೂರದ ಅಳತೆಯಲ್ಲಿ ವ್ಯವಸ್ಥಿತ ಜೋಡಣೆಯಿಲ್ಲವೆಂದ ಲೇಖಕರು ಸಮೀಪದ ಅಳತೆಯಲ್ಲಿ ಅದನ್ನು ನಿರಾಕರಿಸಲಿಲ್ಲ. ಮಯಲಿನ್ನಿನಂಥ ಪೊರೆಗಳು ಇನ್ನೂ ಗಡುಸಾಗಿರಬಹುದೆಂದು ಎಚ್ಚರಿಸಿದರು. ಸಕ್ಕರೆಯ ಸರಪಣಿಗಳು ಹೊರಮೈಯಲ್ಲಿ ಮಾತ್ರವೇ ಇರುವುದನ್ನು ತಮ್ಮದೇ ಪ್ರಯೋಗದಿಂದ ಗುರುತಿಸಿದರು. ಗೆರೆಗೆ ಈ ಬಗೆಯ ಷರತ್ತುಗಳನ್ನು ಹೇಳಲು ಬಾಯಿಲ್ಲ.

ಲೇಖನದ ಕಡೆಯ ಭಾಗವನ್ನು ನಾನು ಅಷ್ಟು ಉದಾರವಾಗಿ ಕಾಣಲಾರೆ. ಕ್ಯಾನ್ಸರಿಗೆ ತಿರುಗಿದ ಜೀವಕೋಶಗಳು ಕೆಲವು ಸಸ್ಯಪ್ರೋಟೀನುಗಳ ಸಂಪರ್ಕದಿಂದ ಸುಲಭವಾಗಿ ಗುಂಪುಗಟ್ಟುವುದೇಕೆಂಬುದನ್ನು ಪೊರೆಯ ದ್ರವತ್ವದಿಂದಲೇ ವಿವರಿಸಹೊರಡುವ ಆ ಪುಟಗಳಲ್ಲಿ, ಮೊದಲಿನ ಲೆಕ್ಕಾಚಾರದ ಬಿಗಿ ಸಡಿಲವಾಗಿ, ಊಹೆಯ ಮೇಲೆ ಊಹೆ ಕುಳಿತುಕೊಳ್ಳುತ್ತದೆ. ಅಂದಿನ ಉತ್ಸಾಹಕ್ಕೆ ಅದು ಸಹಜವಿದ್ದೀತು. ಇಂದಿನ ಓದುಗನು ಆ ಪುಟಗಳನ್ನು ಬೇಗಬೇಗನೆ ಮಗುಚುತ್ತಾನೆ.

2014ರಲ್ಲಿ ನಿಕಲ್ಸನ್ ಅವರೇ ತಮ್ಮ ಮಾದರಿಯನ್ನು ಮರುಪರಿಶೀಲಿಸಿ, ಪ್ರೋಟೀನುಗಳ ಸಂದಣಿಯನ್ನೂ ಲಿಪಿಡ್ಡಿನ ಬೇರೆ ಬೇರೆ ವಲಯಗಳನ್ನೂ ಒಳಗಿನ ತಂತುಗಳ ಬೇಲಿಯನ್ನೂ ಅದರಲ್ಲಿ ಸೇರಿಸಿದರು. ಹಳೆಯ ಚಿತ್ರಕ್ಕೆ ಇಷ್ಟೆಲ್ಲ ತೇಪೆ ಬೇಕಾಯಿತು. ಶಕ್ತಿಯ ಲೆಕ್ಕವು ಇದ್ದಲ್ಲಿಯೇ ಇತ್ತು.